ಸೋಮವಾರವೋ, ಶುಕ್ರವಾರವೋ?



ಕನ್ನಡ ಮಾಧ್ಯಮದಲ್ಲಿ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಅನುಭವ ಹೇಳಿ ಎಂದಿದ್ದಾರೆ. ಎಲ್ಲವನ್ನೂ ಹೇಳುವುದಿಲ್ಲ, ಒಂದೇ ಒಂದು ಇಂಗ್ಲಿಷ್ ಮಾತಿನ ಕಥೆ ಹೇಳುತ್ತೇನೆ.

ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಲಂಡನ್ನಿನವರ ಜೊತೆ ಬುಧವಾರ ಫೋನ್ ಮೀಟಿಂಗ್ ಇತ್ತು. ಹಿಂದಿನ ವಾರವೇ ಇಮೇಲ್ ಬಂತು: ಮೀಟಿಂಗ್ 'ಮೂವ್ಡ್ ಫಾರ್ವರ್ಡ್ ಬೈ ಟೂ ಡೇಸ್'. ಫಾರ್ವರ್ಡ್ ಅಂದರೆ ಮುಂದಕ್ಕೆ. ನಮ್ಮೂರಲ್ಲಿ ಮದುವೆ ಮುಂದಕ್ಕೆ ಹೋಯಿತು ಎಂದರೆ ತಡವಾಯಿತು ಅಂತಲೇ ಅರ್ಥ. ಶುಕ್ರವಾರ ಎಂದುಕೊಂಡು ನಿಶ್ಚಿಂತೆಯಾಗಿದ್ದೆ. ಸೋಮವಾರ ಮಧ್ಯಾಹ್ನ ಫೋನ್ ಬಂತು. ಎಲ್ಲರೂ ನನಗಾಗಿ ಕಾಯುತ್ತಿದ್ದರು, ನನ್ನ ಹತ್ತಿರ ಏನೂ ತಯಾರಿರಲಿಲ್ಲ.

ಯಾರೂ ಬೈಯಲಿಲ್ಲ. ಆದರೆ ಹಳ್ಳಿ ಶಾಲೆಯ ಇಂಗ್ಲಿಷ್ ಇಷ್ಟೇ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಸುಮಾರು ಒಂದು ವರ್ಷ ಮೀಟಿಂಗುಗಳಲ್ಲಿ ಬಾಯಿ ಬಿಡಲಿಲ್ಲ. ಅರ್ಥವಾಗದಿದ್ದರೂ 'ಯೆಸ್' ಅನ್ನುತ್ತಿದ್ದೆ.

ಆಮೇಲೆ ಒಂದು ವಿಷಯ ಓದಿದೆ. ಇದೇ ವಾಕ್ಯವನ್ನು, ಇದೇ ಬುಧವಾರದ ಲೆಕ್ಕದಲ್ಲಿ, ಲೆರಾ ಬೊರೊಡಿಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞೆ ಅಮೆರಿಕದ ಇಂಗ್ಲಿಷ್ ಮಾತೃಭಾಷಿಕರಿಗೆ ಕೇಳಿದ್ದರು. ಹೆಚ್ಚುಕಡಿಮೆ ಅರ್ಧ ಜನ ಸೋಮವಾರ ಎಂದರು, ಉಳಿದವರು ಶುಕ್ರವಾರ! ಕಾಲವೇ ನಮ್ಮ ಕಡೆ ಬರುತ್ತಿದೆ ಎಂದುಕೊಂಡವರಿಗೆ ಸೋಮವಾರ. ನಾವೇ ಕಾಲದಲ್ಲಿ ನಡೆಯುತ್ತಿದ್ದೇವೆ ಎಂದುಕೊಂಡವರಿಗೆ ಶುಕ್ರವಾರ. ವಿಮಾನ ನಿಲ್ದಾಣದಲ್ಲಿ ಕೇಳಿದಾಗ, ಯಾರನ್ನೋ ಕರೆದೊಯ್ಯಲು ಬಂದವರಿಗಿಂತ ಪ್ರಯಾಣಿಕರಲ್ಲಿ ಶುಕ್ರವಾರ ಎಂದವರು ಹೆಚ್ಚು. ಆ ಪ್ರಬಂಧ 2002ರಲ್ಲಿ ಪ್ರಕಟವಾಗಿದೆ. ಆಗ ನಾನು ಇದೇ ಊರಿನಲ್ಲಿ ಹುಡುಗನಾಗಿದ್ದೆ.

ಅದೇ 'ಬ್ರಾಟ್ ಫಾರ್ವರ್ಡ್' ಎಂದು ಬರೆದಿದ್ದರೆ ಮೊದಲೇ ನಡೆಯುತ್ತದೆ ಎಂಬುದು ಸ್ಪಷ್ಟ. 'ಪುಷ್ಡ್ ಬ್ಯಾಕ್' ಅಂದರೆ ತಡವಾಗಿ. ಬ್ಯಾಕ್ ಎಂದರೆ ಹಿಂದಕ್ಕೆ ಅಲ್ಲವೇ ಎಂದು ಕೇಳಬೇಡಿ! ನಾವು ಹೇಳುವ 'ಪ್ರಿಪೋನ್' ಕೇಳಿ ಆಫೀಸಿನಲ್ಲಿ ಕೆಲವರು ನಗುತ್ತಾರೆ. ನನಗಂತೂ ಅದರಷ್ಟು ನೇರವಾದ ಪದ ಇನ್ನೊಂದು ಕಾಣೆ.

ಹಾಗಂತ ಕನ್ನಡವೇನೂ ಕಡಿಮೆಯಿಲ್ಲ. ಹಬ್ಬದ ಮುನ್ನಾದಿನ ಎಂದರೆ ಹಬ್ಬಕ್ಕೆ ಮೊದಲು, ಮುಂದಿನ ದಿನ ಎಂದರೆ ಆಮೇಲೆ. ಹೊರಗಿನವರಿಗೆ ಇದನ್ನು ವಿವರಿಸಿ ನೋಡಿ.

ಈಗ ಇಂಥ ಇಮೇಲ್ ಬಂದರೆ ಒಂದೇ ಸಾಲು ಬರೆಯುತ್ತೇನೆ: ಯಾವ ತಾರೀಖು, ಎಷ್ಟು ಗಂಟೆ? ಮೊದಲ ಸಲ ಹಾಗೆ ಕೇಳುವಾಗ ಕೈ ನಡುಗಿತ್ತು. ಸ್ವಲ್ಪ ಹೊತ್ತಿಗೆ ಲಂಡನ್ನಿನ ಸಹೋದ್ಯೋಗಿಯೊಬ್ಬರು ನನಗೆ ಪ್ರತ್ಯೇಕವಾಗಿ ಥ್ಯಾಂಕ್ಸ್ ಬರೆದರು. ಅವರಿಗೂ ಗೊತ್ತಾಗಿರಲಿಲ್ಲವಂತೆ.