ಒಗರಿನ ಸವಿ

ಮದ್ಯದ ಕುರಿತು ಬಾನುಲಿಯಲ್ಲಿ ಮಾತನಾಡಹೊರಟವನು ಮೊದಲು ತನ್ನ ಮನೆಯ ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ಜೇವರ್ಗಿ ತಾಲ್ಲೂಕಿನ ನೆಲೋಗಿ ನನ್ನ ಊರು. 1972ರ ಬರಗಾಲದಲ್ಲಿ, ಹಗೇವಿನ ತಳದಲ್ಲಿದ್ದ ಕೊನೆಯ ಜೋಳವೂ ಸಾರಾಯಿ ಅಂಗಡಿಯನ್ನು ಸೇರಿದ್ದನ್ನು ಕಂಡವನು ನಾನು. ಒಯ್ದವರು ನಮ್ಮ ತಂದೆ. ಅಂದಿನಿಂದ ನಮ್ಮ ತಾಯಿ ಮನೆಯಲ್ಲಿ ಕುಡಿತದ ಮಾತನ್ನು ಸಹ ಆಡಗೊಡಲಿಲ್ಲ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಆಕೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಅದೇ ವರ್ಷ ಸರಕಾರ ದ್ರಾಕ್ಷಾಮದ್ಯಕ್ಕೆ ಉತ್ತೇಜನ ನೀಡುವ ನೀತಿಯನ್ನೂ ಪ್ರಕಟಿಸಿತೆಂಬುದನ್ನು ನಾನು ಅವರಿಗೆ ತಿಳಿಸಲಿಲ್ಲ.

ಇಂಥ ನನ್ನ ಮುಂದೆ, ಸೊಲ್ಲಾಪುರದಲ್ಲಿ ನೌಕರಿ ಮಾಡುವ ಅಣ್ಣನ ಮಗ ಒಂದು ಸೀಸೆಯನ್ನು ತಂದಿರಿಸಿದ. ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿಯ ವೈನು. ಇಟಲಿಯ ಟಸ್ಕನಿ ಪ್ರಾಂತದ ಹೆಸರಾಂತ ಕಿಯಾಂತಿ ಮದ್ಯಕ್ಕೆ ಈ ಹಣ್ಣೇ ಜೀವಾಳ. ಆದರೆ ಸೀಸೆ ಬಂದದ್ದು ಇಟಲಿಯಿಂದಲ್ಲ, ಸೊಲ್ಲಾಪುರ ಜಿಲ್ಲೆಯ ಅಕಲೂಜಿನಿಂದ. ಇಟಲಿಯ ಇಬ್ಬರು ಸೋದರರು ನಮ್ಮ ದೇಶದವರೊಡಗೂಡಿ ಅಲ್ಲಿ ಕಟ್ಟಿದ ಸಂಸ್ಥೆಗೆ ಫ್ರಾಟೆಲ್ಲಿ, ಅಂದರೆ ಸೋದರರು, ಎಂದೇ ಹೆಸರು. ಆ ಸೀಮೆಯ ನೀರಾ ನದಿ ಭೀಮೆಯನ್ನು ಕೂಡುತ್ತದೆ. ಆ ಭೀಮೆಯೇ ಮುಂದೆ ಅಫಜಲಪುರ, ಜೇವರ್ಗಿಗಳ ನೆಲಕ್ಕೆ ಬರುತ್ತಾಳೆ. ಟಸ್ಕನಿಯ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುವ ಬಳ್ಳಿಗೆ ಈ ಬಿಸಿಲಿನಲ್ಲಿ ನಿದ್ರೆಯೆಲ್ಲಿಯದು? ವರ್ಷಕ್ಕೆರಡು ಸಲ ಚಾಟನಿ ಮಾಡಿ ಅದನ್ನು ಹದಕ್ಕೆ ತರುತ್ತಾರೆ.

“ಕಾಕಾ, ಒಮ್ಮೆಲೆ ನುಂಗಬ್ಯಾಡ್ರಿ. ಮೊದಲ ಬಣ್ಣ ನೋಡ್ರಿ” ಎಂದ ಹುಡುಗ. ಬಿಳಿಯ ಧೋತರದೆದುರು ಲೋಟವನ್ನು ಓರೆಯಾಗಿ ಹಿಡಿದೆ. ದಾಳಿಂಬೆಯ ಕೆಂಪು. ಮೂಗಿನ ಬಳಿ ತರುವಾಗ ಕೈ ನಡುಗಿತು. ತಂದೆಯ ಅಂಗಿಯ ವಾಸನೆ ಬಂದೀತೆಂದು ಅಂಜಿದ್ದೆ. ಬಂದದ್ದು ಹಣ್ಣಾದ ನೇರಳೆಯ ಪರಿಮಳ. ತಿಳಿದವರು ಇದನ್ನು ಚೆರ್ರಿ ಎನ್ನುತ್ತಾರಂತೆ. ಆ ಮರವನ್ನು ನಾನು ಕಂಡವನಲ್ಲ.

ಒಂದು ಗುಟುಕನ್ನು ನಾಲಗೆಯ ಮೇಲೆ ಹರಡಿದೆ. ಸಿಹಿಯಿಲ್ಲ! ಹಣ್ಣಿನ ಸಕ್ಕರೆಯೆಲ್ಲ ಹುದುಗಿನಲ್ಲಿ ಮದ್ಯವಾಗಿ ಮಾರ್ಪಟ್ಟಿರುತ್ತದೆ. ಮೊದಲು ಹುಳಿ, ಬಾಯಲ್ಲಿ ನೀರೂರಿಸುವಷ್ಟು. ಆಮೇಲೆ ಒಸಡಿಗೆ ಹತ್ತಿದ ಒಗರು. ಸಿಪ್ಪೆ ಬೀಜಗಳಿಂದ ರಸಕ್ಕಿಳಿಯುವ ಟ್ಯಾನಿನ್ನಿನ ಗುಣವಿದು. ಚಹಾದಲ್ಲಿಯೂ ಇದೆ, ಅಡಿಕೆಯಲ್ಲಿಯೂ ಇದೆ. ಷಡ್ರಸಗಳಲ್ಲಿ ಅದಕ್ಕೊಂದು ಪೀಠವನ್ನೇ ಕೊಟ್ಟ ನಮಗೆ ಇದು ಹೊಸತಲ್ಲ. ಎಳೆಯ ವೈನಿನಲ್ಲಿ ಈ ಒಗರು ಬಾಯನ್ನು ಹಿಡಿದೆಳೆಯುವುದುಂಟು. ಇಲ್ಲಿ ಅದು ತಟ್ಟಿ, ಸರಿದು ನಿಂತಿತು. ಹುಳಿಯೂ ಪರಿಮಳವೂ ಒಂದನ್ನೊಂದು ನೂಕಲಿಲ್ಲ. ನಯವಾದ ವೈನೆಂದರೆ ಇದೇ ಇರಬೇಕು ಎನ್ನಿಸಿತು. ಹೊಸಬನನ್ನೂ ಹೆದರಿಸದ ನಯ.

ನಾನು ಮಾಡಿದ ತಪ್ಪು ಜೋಳದ ರೊಟ್ಟಿಯ ಜೊತೆ ಕೆಂಪು ಖಾರದ ಹಿಂಡಿ ನೆಂಚಿಕೊಂಡದ್ದು. ಮದ್ಯವೂ ಒಗರೂ ಕೂಡಿ ಖಾರವನ್ನು ಉರಿಯಾಗಿಸಿದವು. ಎಣ್ಣೆಗಾಯಿ ಪಲ್ಯದೊಡನೆ ಮಾತ್ರ ಅದು ಸೊಗಸಾಗಿ ಹೊಂದಿತು. ಬೇಸಿಗೆಯಲ್ಲಾದರೆ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ನಮ್ಮ ಕಡೆಯ ಸೆಕೆಯಲ್ಲಿ ಮದ್ಯದ ಘಾಟೇ ಮುಂದಾಗಿಬಿಡುತ್ತದೆ.

ಅರ್ಧ ಲೋಟ ಮುಗಿಯಿತು. ಹುಡುಗ ಸೀಸೆಯನ್ನು ಬಗ್ಗಿಸಬಂದಾಗ ಲೋಟದ ಮೇಲೆ ಅಂಗೈ ಇಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಅಷ್ಟು ಹೊತ್ತೂ ಮೌನವಾಗಿ ನಿಂತಿದ್ದ ನನ್ನ ಹೆಂಡತಿ ಆಗ ಕೇಳಿದಳು:

“ಹ್ಯಾಂಗ ಇತ್ತರಿ?”

“ಒಗರು” ಎಂದೆ.

“ಅಷ್ಟಕ್ಕ ಸೊಲ್ಲಾಪುರದಿಂದ ತರಬೇಕಾಗಿತ್ತೇನು? ಅಡಿಕಿ ಮನ್ಯಾಗೇ ಇತ್ತಲ್ಲ” ಎಂದು ಒಳಗೆ ಹೋದಳು.