ಕ್ಷೇತ್ರದ ಗೆರೆ ಬದಲಾದರೆ ನಮ್ಮೂರಿಗೇನು?

(ಹಾಲು ಉತ್ಪಾದಕರ ಸಹಕಾರ ಸಂಘಗಳ ಪ್ರಾದೇಶಿಕ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಸಭೆ ಸಭೆಗೂ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು ಎಂದು ಹೇಳುವ ನಾನು ಈ ದಿನ ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಕಳೆದ ಸಲ ಹಿರಿಯ ಸದಸ್ಯರೊಬ್ಬರು, "ಕ್ಷೇತ್ರ ಮರುವಿಂಗಡಣೆ ಅಂತಾರಲ್ಲ ಡಾಕ್ಟ್ರೇ, ಅದರಿಂದ ನಮ್ಮೂರಿಗೆ ಆಗೋದೇನು?" ಎಂದು ಕೇಳಿದ್ದರು.

ಹಾಲಿನ ಮಾರ್ಗ ಬದಲಾದರೆ ಏನಾಗುತ್ತದೆಂದು ನಿಮಗೆ ಗೊತ್ತು. ಲಾರಿ ಒಂದು ಗಂಟೆ ತಡವಾದರೆ ಬೇಸಿಗೆಯಲ್ಲಿ ಹಾಲು ಹುಳಿಯಾಗುತ್ತದೆ. ಹಸು ಅದೇ, ಹಾಲು ಅದೇ. ಗೆರೆ ಮಾತ್ರ ಬೇರೆ. ಕ್ಷೇತ್ರದ ವಿಷಯವೂ ಹೀಗೆಯೇ.

ನಮ್ಮ ವಿಧಾನಸಭೆಯ ಈಗಿನ ಕ್ಷೇತ್ರಗಳನ್ನು 2002ರಲ್ಲಿ ರಚನೆಯಾದ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯ ಆಧಾರದ ಮೇಲೆ ಗುರುತಿಸಿತು. ಹೊಸ ಗಡಿಗಳ ಮೇಲೆ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ನಮ್ಮ ರಾಜ್ಯದಲ್ಲಿಯೇ, 2008ರ ಮೇ ತಿಂಗಳಲ್ಲಿ. ಒಟ್ಟು ಸ್ಥಾನಗಳು 224 ಇದ್ದದ್ದು 224ಾಗಿಯೇ ಉಳಿದವು. ಅಂದಿನ ಜನಸಂಖ್ಯೆಗೆ ಭಾಗಿಸಿದರೆ ಒಬ್ಬ ಶಾಸಕರಿಗೆ ಸುಮಾರು 2 ಲಕ್ಷ 36 ಸಾವಿರ ಜನ.

ಒಟ್ಟು ಸಂಖ್ಯೆ ಹೆಚ್ಚದಿದ್ದಾಗ ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿಯಲೇಬೇಕು. ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 28ಕ್ಕೆ ಏರಿದವು. ಕೊಡಗಿನಲ್ಲಿ ಮೂರಿದ್ದದ್ದು ಎರಡಾಯಿತು. ಸೋಮವಾರಪೇಟೆ ಕ್ಷೇತ್ರವೇ ಇಲ್ಲವಾಯಿತು. ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿದ್ದ ಕೊಡಗು ಮೈಸೂರಿಗೆ ಸೇರಿತು.

ಇದರಲ್ಲಿ ನಷ್ಟವೊಂದೇ ಇಲ್ಲ. ಗೆರೆ ಬದಲಿಸದೇ ಹೋದರೆ ಜನ ಹೆಚ್ಚಿದ ಕಡೆ ಒಂದು ಮತದ ಬೆಲೆ ಕಡಿಮೆಯಾಗುತ್ತದೆ. ಪರಿಶಿಷ್ಟ ಪಂಗಡದವರಿಗೆ ಮೀಸಲಾದ ಸ್ಥಾನಗಳು 2ರಿಂದ 15ಕ್ಕೆ ಏರಿದ್ದು ಈ ಮರುವಿಂಗಡಣೆಯಿಂದಲೇ. ಅದು ನ್ಯಾಯ.

ಆದರೆ ಹಳ್ಳಿಯ ತೊಂದರೆ ಬೇರೆ ರೀತಿಯದು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ತಾಲ್ಲೂಕು ಕಚೇರಿ ಒಂದು ಕ್ಷೇತ್ರಕ್ಕೆ, ಅಂಚಿನ ಐದಾರು ಹಳ್ಳಿಗಳು ಇನ್ನೊಂದಕ್ಕೆ ಸೇರಿದ್ದವು. ಪಶು ಚಿಕಿತ್ಸಾಲಯ ಬೇಕೆಂದು ಉತ್ಪಾದಕರು ಅರ್ಜಿ ಹಿಡಿದು ಹೋದರೆ ಇಲ್ಲಿಯವರು "ನೀವು ಅತ್ತ ಸೇರಿದವರು" ಎಂದರು, ಅಲ್ಲಿಯವರು "ನಿಮ್ಮ ತಾಲ್ಲೂಕಿನಲ್ಲಿ ಕೇಳಿ" ಎಂದರು. ಕರು ಅಡ್ಡ ಸಿಕ್ಕಿಕೊಂಡ ಹಸುವಿಗೆ ಕ್ಷೇತ್ರ ತಿಳಿಯುವುದಿಲ್ಲ, ಸ್ವಾಮಿ.

ಪಂಚಾಯಿತಿಯ ಮಾತನ್ನೂ ನೋಡಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರ ಗುರುತಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಒಪ್ಪಿಸಲಾಯಿತು. ಗಡಿ, ಮೀಸಲಾತಿಗಳ ಗೊಂದಲದಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ನಮ್ಮ ಪಶು ಆಸ್ಪತ್ರೆಗಳ ಕುಂದುಕೊರತೆಯನ್ನು ಸಭೆಯಲ್ಲಿ ಎತ್ತಿ ಕೇಳಲು ಆಯ್ಕೆಯಾದ ಸದಸ್ಯರೇ ಇಲ್ಲದಾದರು.

ಹಾಗಾದರೆ ನಾವು ಮಾಡಬೇಕಾದದ್ದೇನು? 2002ರ ಕಾಯಿದೆಯಂತೆ ಕರಡನ್ನು ರಾಜಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆ ಪಡೆದು, ಸಾರ್ವಜನಿಕ ಸಭೆ ನಡೆಸಿದ ಮೇಲೆಯೇ ಅಂತಿಮ ಆದೇಶ ಹೊರಟಿತು. ಭೂಲಕ್ಷಣ, ಆಡಳಿತದ ಗಡಿ, ಸಂಪರ್ಕ, ಜನರ ಅನುಕೂಲ ಇವುಗಳನ್ನು ಗಮನಿಸಬೇಕೆಂದು ಆ ಕಾಯಿದೆಯೇ ಹೇಳಿತ್ತು. ಅಂತಿಮ ಆದೇಶಕ್ಕೆ ಕಾನೂನಿನ ಬಲ; ಆಮೇಲೆ ಕೂಗಿದರೆ ಪ್ರಯೋಜನ ಕಡಿಮೆ.

ಆದುದರಿಂದ ಯಾವ ಚುನಾವಣೆಯ ಕರಡೇ ಬರಲಿ, ಸಂಘದ ಕಾರ್ಯದರ್ಶಿಗಳು ಅದನ್ನು ತರಿಸಿ, ಹಾಲು ಹಾಕುವ ಹೊತ್ತಿಗೆ ಎಲ್ಲರೆದುರು ಓದಿಸಿರಿ. ನಮ್ಮೂರು ಎಲ್ಲಿ ಸೇರಿದೆ, ಅಲ್ಲಿಗೆ ಬಸ್ಸಿದೆಯೇ, ನಡುವೆ ಹಳ್ಳವಿದೆಯೇ ನೋಡಿರಿ. ಆಕ್ಷೇಪಣೆ ಇದ್ದರೆ ಕೊನೆಯ ದಿನಾಂಕದೊಳಗೆ ಗ್ರಾಮಸ್ಥರ ಸಹಿಯೊಡನೆ ಕಳಿಸಿ ಸ್ವೀಕೃತಿ ಪಡೆಯಿರಿ. ಪಕ್ಷದ ಮಾತು ಬೇಡ. ದೂರ, ದಾರಿ, ಜನಸಂಖ್ಯೆಗಳ ಲೆಕ್ಕ ಸಾಕು.

ಹಾಲಿನ ಅಳತೆಯಲ್ಲಿ ನೂರು ಮಿಲಿ ಕಡಿಮೆ ಬಂದರೆ ಕೇಳುವ ನಾವು, ನಮ್ಮ ಮತದ ಅಳತೆಯನ್ನೂ ಕೇಳೋಣ.