ವೈದ್ಯವಿದ್ಯೆಯಲ್ಲಿ ಗುರುವೂ ಸ್ವಾಧ್ಯಾಯವೂ



ಗುರುಮುಖದಿಂದ ಕೇಳಿದುದನ್ನು ಕಂಠಪಾಠ ಮಾಡಿ ಒಪ್ಪಿಸುವುದೇ ವಿದ್ಯೆಯೆಂದು ಬಗೆದವರು ಬಹುಮಂದಿ. ಪಾಠಶಾಲೆಗಳಲ್ಲಿಯೂ ಈ ಭ್ರಮೆಯುಂಟು, ವೈದ್ಯಕೀಯ ಕಾಲೇಜುಗಳಲ್ಲಿಯೂ ಉಂಟು. ಕಂಠಪಾಠವಿಲ್ಲದೆ ಶಾಸ್ತ್ರವು ನಿಲ್ಲದೆಂಬುದು ದಿಟವೇ. ಆದರೆ ಶಿಷ್ಯನು ತಾನೇ ಒಂದು ಪ್ರಶ್ನೆಯನ್ನು ಹಿಡಿದು ದುಡಿಯುವುದರಿಂದಲೂ, ಗುರುವು ಅದನ್ನು ಒರೆಹಚ್ಚಿ ನೋಡುವುದರಿಂದಲೂ ಶಾಸ್ತ್ರವು ಬೆಳೆಯುತ್ತದೆ. ಅಮೆರಿಕಾ ದೇಶದ ಬಾಲ್ಟಿಮೋರ್ ಪಟ್ಟಣದಲ್ಲಿ ನಡೆದ ವೃತ್ತಾಂತವೊಂದು ಇದಕ್ಕೆ ನಿದರ್ಶನ.

1915ರಲ್ಲಿ ಜೇ ಮೆಕ್ಲೀನನೆಂಬ ಯುವಕನು ಅಲ್ಲಿಯ ಜಾನ್ಸ್ ಹಾಪ್ಕಿನ್ಸ್ ವೈದ್ಯವಿದ್ಯಾಲಯಕ್ಕೆ ಬಂದನು. ಮೈಮುರಿದು ದುಡಿದು ಓದಿನ ಹಣವನ್ನು ಕೂಡಿಸಿದವನು. ಶರೀರಕ್ರಿಯಾಶಾಸ್ತ್ರದ ಆಚಾರ್ಯರಾದ ವಿಲಿಯಂ ಹೋವೆಲರನ್ನು ಕಂಡು, ಒಂದು ವರ್ಷವನ್ನು ಸಂಶೋಧನೆಗೇ ಮೀಸಲಿಡುವೆನೆಂದೂ, ತಾನೊಬ್ಬನೇ ಬಿಡಿಸಬಹುದಾದ ಸಮಸ್ಯೆಯೊಂದನ್ನು ದಯಪಾಲಿಸಬೇಕೆಂದೂ ಬೇಡಿದನು. ಹೋವೆಲರು ರಕ್ತವು ಹೆಪ್ಪುಗಟ್ಟುವ ವಿಷಯದಲ್ಲಿ ಪಾರಂಗತರು. ಮಿದುಳಿನಿಂದ ತೆಗೆದ ಸೆಫಾಲಿನ್ ಎಂಬ ದ್ರವ್ಯವು ರಕ್ತವನ್ನು ಬೇಗನೆ ಹೆಪ್ಪುಗಟ್ಟಿಸುತ್ತಿತ್ತು. ಆ ಗುಣವು ಸೆಫಾಲಿನ್ನಿನದೋ, ಅದರೊಡನೆ ಬೆರೆತ ಕಲ್ಮಷದ್ದೋ ಎಂಬುದನ್ನು ನಿರ್ಣಯಿಸುವ ಕಾರ್ಯವನ್ನು ಶಿಷ್ಯನಿಗೆ ಒಪ್ಪಿಸಿದರು.

ಶಿಷ್ಯನು ಅಷ್ಟಕ್ಕೇ ನಿಲ್ಲಲಿಲ್ಲ. ಜರ್ಮನ್ ಭಾಷೆಯ ರಸಾಯನ ಗ್ರಂಥಗಳನ್ನು ಶೋಧಿಸಿ, ಹೃದಯದಿಂದಲೂ ಯಕೃತ್ತಿನಿಂದಲೂ ಅಂತಹುದೇ ದ್ರವ್ಯಗಳನ್ನು ತೆಗೆದನು. ಅವನ್ನು ಚೆಲ್ಲಿಬಿಡದೆ ಕಾಪಿಟ್ಟು ಮತ್ತೆ ಮತ್ತೆ ಪರೀಕ್ಷಿಸಿದನು. ಆಗ ವಿಪರೀತವೊಂದು ಕಂಡುಬಂದಿತು. ಯಕೃತ್ತಿನ ದ್ರವ್ಯವು ಹೆಪ್ಪುಗಟ್ಟಿಸುವುದಕ್ಕೆ ಬದಲಾಗಿ ಹೆಪ್ಪನ್ನು ತಡೆಯತೊಡಗಿತು! ಗುರುವು ಹುಡುಕಹೇಳಿದುದಕ್ಕೆ ನೇರ ವಿರುದ್ಧವಾದ ಫಲ.

ಹೋವೆಲರು ಸಂದೇಹಪಟ್ಟರು. ಮೆಕ್ಲೀನನು ವಾದಕ್ಕೆ ನಿಲ್ಲದೆ, ಬೆಕ್ಕಿನ ರಕ್ತವಿದ್ದ ಗಾಜಿನ ಪಾತ್ರೆಯಲ್ಲಿ ಆ ದ್ರವ್ಯವನ್ನು ಕದಡಿ, ಗುರುವಿನ ಮೇಜಿನ ಮೇಲಿರಿಸಿ, ಹೆಪ್ಪುಗಟ್ಟಿದಾಗ ತಿಳಿಸಬೇಕೆಂದು ಬಿನ್ನವಿಸಿದನು. ಅದು ಹೆಪ್ಪುಗಟ್ಟಲೇ ಇಲ್ಲವೆಂದು ಅವನೇ ಬರೆದಿದ್ದಾನೆ. ಮೂಕಪ್ರಾಣಿಯ ರಕ್ತವೆಂದು ಭಕ್ತರ ಮನಸ್ಸು ನೋಯುವುದು ಸಹಜ. ಈ ವಿದ್ಯೆಯ ಋಣದಲ್ಲಿ ಅದೂ ಸೇರಿದೆ, ಮರೆಮಾಚತಕ್ಕದ್ದಲ್ಲ.

1916ರಲ್ಲಿ ಮೆಕ್ಲೀನನ ಪ್ರಬಂಧವು ಅಚ್ಚಾಯಿತು. 1918ರಲ್ಲಿ ಹೋವೆಲರು, ಹೋಲ್ಟನೆಂಬ ಇನ್ನೊಬ್ಬ ವೈದ್ಯವಿದ್ಯಾರ್ಥಿಯೊಡನೆ ದುಡಿದು, ಅಂತಹ ತಡೆದ್ರವ್ಯಕ್ಕೆ ಹೆಪಾರಿನ್ ಎಂದು ಹೆಸರಿಟ್ಟರು. ಗ್ರೀಕರ ‘ಹೆಪಾರ್’ ಶಬ್ದವೂ ಸಂಸ್ಕೃತದ ‘ಯಕೃತ್’ ಶಬ್ದವೂ ಏಕಮೂಲವೆಂಬುದು ಭಾಷಾಶಾಸ್ತ್ರಜ್ಞರ ಮತ. ಇಂದು ಹೃದಯದ ಶಸ್ತ್ರಕ್ರಿಯೆಯಲ್ಲಿಯೂ ಡಯಾಲಿಸಿಸ್ಸಿನಲ್ಲಿಯೂ ಬಳಸುವ ಹೆಪಾರಿನ್ನು ಮೆಕ್ಲೀನನ ಆ ದ್ರವ್ಯವಲ್ಲ. ಹೋವೆಲರು ಬಳಿಕ ಕಂಡ, ನೀರಿನಲ್ಲಿ ಕರಗುವ ಬೇರೊಂದು. ಅದನ್ನು 1930ರ ದಶಕದಲ್ಲಿ ಟೊರಾಂಟೋ ನಗರದ ವಿಜ್ಞಾನಿಗಳು ಶುದ್ಧಿಗೊಳಿಸಿ ರೋಗಿಗಳಿಗೆ ಕೊಡುವಂತೆ ಮಾಡಿದರು. ಆದಕಾರಣ ಕೀರ್ತಿಯು ಗುರುವಿನದೋ ಶಿಷ್ಯನದೋ ಎಂಬ ಕಲಹವು ಬಹುಕಾಲ ನಡೆಯಿತು. ಗುರುವಿನ ಪ್ರಶ್ನೆಯಿಲ್ಲದೆ ಶಿಷ್ಯನಿಗೆ ದಾರಿಯಿರಲಿಲ್ಲ, ಶಿಷ್ಯನು ದಾರಿ ಬಿಟ್ಟು ನಡೆಯದಿದ್ದರೆ ಗುರುವಿಗೆ ಕಾಣುತ್ತಿರಲಿಲ್ಲ. ಪಾಲು ಮಾಡುವುದು ಕಷ್ಟ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1979ರಲ್ಲಿ, ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಮಾರ್ಗದರ್ಶಕರೊಬ್ಬರ ಆಶ್ರಯದಲ್ಲಿ ಎರಡು ತಿಂಗಳು ಸಂಶೋಧನೆ ನಡೆಸುವ ಅಲ್ಪಾವಧಿ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಪರೀಕ್ಷೆಗೆ ಬಾರದ ಕೆಲಸಕ್ಕೆ ಎರಡು ತಿಂಗಳೇಕೆ ಎಂದು ಮಕ್ಕಳನ್ನು ತಡೆಯುವ ತಾಯಿತಂದೆಗಳು ಈ ಸಭೆಯಲ್ಲಿಯೂ ಇರಬಹುದು. ಅವರು ಆ ಗಾಜಿನ ಪಾತ್ರೆಯನ್ನು ಒಮ್ಮೆ ನೆನೆದುಕೊಳ್ಳಲಿ.